ಪೀಟಿ ಅಕ್ಕೋರ ಕಾರ್ಬನ್ ಗಾಲಿ

ಗಾಲಿ ಸೀಳಬಹುದಿತ್ತು. ಗಾಲಿ ಸೀಳದಿದ್ದರೆ ಅಕ್ಕನ ಭುಜದೊಳಗೆ ಡಾಕ್ಟರು ಕೂಡಿಸಿರುವ ಲೋಹದ ಪಟ್ಟಿಯ ತಿರುಪು ಸಡಿಲಾಗಬಹುದಿತ್ತು. ಅವಳ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇರುವಾಗಲೇ ಡ್ರೈವರು ಬಸ್ಸು ಎಳೆಯಬಹುದಿತ್ತು. ಮಡಚಿದ ಸೈಕಲ್ಲು ನಡುವೆಯೇ ಬಿಚ್ಚಿಕೊಂಡು ಯಾರದಾದರೂ ಹಲ್ಲು ಉದುರಿಸಬಹುದಿತ್ತು. ಈರುಳ್ಳಿ ಚೀಲ ಹೊತ್ತವನೊಬ್ಬ ಹಿಂದಿನಿಂದ ನುಗ್ಗಬಹುದಿತ್ತು. ಟಗರು ಹಾಯಬಹುದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಟಗರು ಎಲ್ಲಿಂದ ಬರುತ್ತದೆ ಎಂದು ನಗಬೇಡಿ, ಸಂತೆಯ ದಿನ ಅದಕ್ಕೂ ಊರು ಸೇರುವುದಿರುತ್ತದೆ! ಇದ್ಯಾವುದೂ ಆಗದೆ ನನಗೇ ತಲೆ ಸುತ್ತಿ, ಅಕ್ಕ ಸೈಕಲ್ಲು ಬಿಟ್ಟು ನನ್ನನ್ನು ಎತ್ತಬೇಕಾಗಿ ಬರಬಹುದಿತ್ತು.

ಇಷ್ಟನ್ನೂ ನಾನು ಆ ಸಂತೆಯ ದಿನ ಬೆಳಿಗ್ಗೆ ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಯೋಚಿಸಿಯಾಗಿತ್ತು. ಅಕ್ಕ ಯೋಚಿಸುತ್ತಿದ್ದುದು ಮಾತ್ರ ಬೇರೆ: ಒಗ್ಗರಣೆ ಮಂಡಕ್ಕಿಯ ಜೊತೆಗೆ ಮಿರ್ಚಿ ಎರಡು ಸಾಕೋ, ಮೂರು ಬೇಕೋ.

ನಮ್ಮ ಅಕ್ಕನಿಗೆ ಚಿಂತೆ ಎಂಬ ಅಂಗವೇ ಇಲ್ಲ! ಹುಟ್ಟುವಾಗಲೇ ಅದನ್ನು ಬೇಡವೆಂದು ಬಿಟ್ಟು ಬಂದಿದ್ದಳು. ಹತ್ತು ವರ್ಷದ ನಂತರ ಹುಟ್ಟಿದ ನಾನು, ಬಿಟ್ಟ ವಸ್ತು ಹಾಳಾಗಬಾರದೆಂದು, ನನ್ನ ಪಾಲಿನ ಜೊತೆಗೆ ಅವಳದನ್ನೂ ಹೊತ್ತುಕೊಂಡು ಬಂದೆ. ಹೊಟ್ಟೆಪಾಡಿಗೂ ಅದೇ ಒದಗಿತು. ನಾನು ವಿಮೆಯ ಏಜೆಂಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಜನರ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ, ಅವರಿಗೇ ಏನೇನು ಆಗಬಹುದು ಎಂದು ಬಿಡಿಸಿ ಹೇಳುವುದು ನನ್ನ ಕಸುಬು. ಇಡೀ ಸೀಮೆಯಲ್ಲಿ ನನ್ನ ಮಾತಿಗೆ ಹೆದರದ ಒಂದೇ ಜೀವ ಎಂದರೆ ನನ್ನ ಒಡಹುಟ್ಟಿದವಳು. ಪಾಲಿಸಿ ಮಾಡಿಸು ಎಂದರೆ, "ದಿನಾ ನಿನ್ನ ಮಾರಿ ನೋಡತೀನಲ್ಲ, ಅದ ನನ್ನ ಕಂತು. ಹೋಗಲೇ" ಎನ್ನುತ್ತಾಳೆ.

ಅವಳು ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುತ್ತಿದ್ದವಳು. ಊರಿಗೆಲ್ಲ 'ಪೀಟಿ ಅಕ್ಕೋರು.' ತಪ್ಪು ಮಾಡಿದವರಿಗೆ ಅವಳು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮೈದಾನ ಸುತ್ತು ಹಾಕಿಸುತ್ತಿದ್ದಳು. ಈಗಲೂ ಯಾವುದೇ ಆಫೀಸಿಗೆ ಅವಳ ಜೊತೆ ಹೋಗಿ ನೋಡಿ, ಮೂಲೆಯ ಮೇಜಿನ ಹಿಂದೆ ಯಾರೋ ಒಬ್ಬರು ಗಡಬಡಿಸಿ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ನೆಂಟನೊಬ್ಬ ಒಮ್ಮೆ ಕೇಳಿದ್ದ. "ಮೈದಾನ ಎರಡು ಸುತ್ತು ಹೊಡದು ಬಾ, ಹೇಳತೀನಿ" ಎಂದಳು. ಆ ಪುಣ್ಯಾತ್ಮ ನಿಜಕ್ಕೂ ಹೊಡೆದು ಬಂದ! ಬಂದವನಿಗೆ ಏದುಸಿರಿನಲ್ಲಿ ತಾನು ಕೇಳಿದ್ದೇನು ಎಂಬುದೇ ನೆನಪಿರಲಿಲ್ಲ. ನೀರು ಕುಡಿದು ಬಸ್ಸು ಹತ್ತಿದ.

ರಿಟೈರಾದವರು ಕಾಶಿಗೆ ಹೋಗುತ್ತಾರೆ, ಸೈಟು ಕೊಳ್ಳುತ್ತಾರೆ. ಅಕ್ಕ ಮಡಚುವ ಸೈಕಲ್ಲು ತರಿಸಿದಳು. ಅದರ ಗಾಲಿಗಳೋ, ನಮ್ಮ ಅಡುಗೆಮನೆಯ ಮೊರದಷ್ಟು! ಎತ್ತರದ ಸೀಟು, ಕೆಳಗೆ ಆ ಗಿಡ್ಡ ಗಾಲಿ, ಮೇಲೆ ಚೂಡಿದಾರ ತೊಟ್ಟು ಟೊಪ್ಪಿಗೆ ಹಾಕಿದ ನಮ್ಮಕ್ಕ. ಮೊದಲ ದಿನ ಚಹಾದಂಗಡಿಯ ಮುಂದೆ ಕೂತವನೊಬ್ಬ, "ಗುಡೇಕೋಟಿ ಕಡಿಂದ ಕರಡಿ ಬಂದೈತಿ ನೋಡ್ರಪ, ಸರ್ಕಸ್ಸಿಂದು" ಎಂದುಬಿಟ್ಟ. ಅಕ್ಕ ಬ್ರೇಕು ಹಾಕಿ ಕಾಲೂರಿದಳು.

"ಕರಡಿ ಕೈಗೆ ಸಿಕ್ರ ಏನಾಗತೈತಿ ಗೊತ್ತೈತನು?"

ಅವನಿಗೆ ಮುಖದ ಗುರುತು ಹತ್ತಿತು. ಗ್ಲಾಸು ಕೆಳಗಿಟ್ಟು ಎದ್ದು ನಿಂತ. "ಗೊತ್ತೈತ್ರಿ ಅಕ್ಕೋರ. ಮೈದಾನ ಎರಡು ಸುತ್ತು."

ಅಂದಿನಿಂದ ಅವಳ ದಿನಚರಿ ಹೀಗೆ: ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗುವುದು, ಮೊದಲು ಬಂದ ಬಸ್ಸಿಗೆ ಸೈಕಲ್ಲು ಮಡಚಿ ಏರಿಸುವುದು, ಮನಸ್ಸು ಬಂದಲ್ಲಿ ಇಳಿದು ಬಿಚ್ಚಿ ತುಳಿಯುವುದು. ಒಂದು ದಿನ ಹಂಪಸಾಗರದ ಹೊಳೆಯ ದಾರಿ, ಇನ್ನೊಂದು ದಿನ ಹಡಗಲಿಯ ಮಲ್ಲಿಗೆ ತೋಟಗಳ ದಾರಿ. ಯಾಕೆ ಹೋಗಿದ್ದೆ ಎಂದರೆ, "ಸುಮ್ನ." ಸುಮ್ಮನೆ! ಲಾರಿ, ನಾಯಿ, ಜಾಲಿಮುಳ್ಳು, ಬಿಸಿಲು ಇವೆಲ್ಲದರ ನಡುವೆ ಸುಮ್ಮನೆ! ಅವಳು ಮನೆಗೆ ಬಂದು ಮೇಲಿನ ಕೋಣೆಯಲ್ಲಿ ಧಡಧಡ ಓಡಾಡುವ ಸಪ್ಪಳ ಕೇಳುವವರೆಗೂ ಕೆಳಗಿನ ಮನೆಯಲ್ಲಿ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಕಡೆಗೆ ಬಿದ್ದಳು. ಎಲ್ಲಿ ಅನ್ನುತ್ತೀರಿ? ಹೈವೇ ಮೇಲಲ್ಲ, ಕೆರೆ ಏರಿಯ ಮೇಲಲ್ಲ. ನಮ್ಮ ಮನೆಯ ಬಚ್ಚಲಲ್ಲಿ! ಸೋಪಿನ ಚೂರಿನ ಮೇಲೆ ಕಾಲಿಟ್ಟು ಜಾರಿದಳು, ಬಲಭುಜದ ಮೂಳೆ ಮುರಿಯಿತು. ನನ್ನ ಚಿಂತೆಗಳ ಪಟ್ಟಿಯಲ್ಲಿ ಸೋಪು ಇರಲೇ ಇಲ್ಲ. ಇಷ್ಟು ವರ್ಷದ ಅನುಭವಕ್ಕೆ ಅವಮಾನವಾದಂತಾಯಿತು.

ಡಾಕ್ಟರು ಪಟ್ಟಿ ಕೂಡಿಸಿ, ಮೂಳೆ ಕೂಡಿದ ಮೇಲೆ, "ಇನ್ನು ಭಾರ ಎತ್ತಬ್ಯಾಡ್ರಿ ಮೇಡಂ" ಎಂದರು.

"ಭಾರ ಅಂದ್ರ ಎಷ್ಟ್ರಿ?"

"ಈಗ ಒಂದು ಕೊಡ ನೀರು ಅಂತ ಇಟಗೋರಿ. ಎತ್ತಬ್ಯಾಡ್ರಿ."

"ಅರ್ಧ ಕೊಡ?"

ಡಾಕ್ಟರು ಸಹಾಯಕ್ಕಾಗಿ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಆಮೇಲೆ ಮೇಲಿನ ಕೋಣೆಯ ಸಪ್ಪಳ ನಿಂತಿತು. ಅಕ್ಕ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ನಮ್ಮ ಓಣಿಯನ್ನು ನೋಡುತ್ತ ಕೂರತೊಡಗಿದಳು. ಆ ಓಣಿಯಲ್ಲಿ ನೋಡುವಂಥದ್ದು ಏನಿದೆ? ಒಂದು ನಲ್ಲಿ, ಒಂದು ಟ್ರಾಕ್ಟರು, ಎದುರುಮನೆಯವರ ಮೆಕ್ಕೆಜೋಳದ ರಾಶಿ. ಹಾದಿಯಲ್ಲಿ ಲಾರಿ ಇಲ್ಲ, ನಾಯಿ ಇಲ್ಲ, ನಾನು ನೆಮ್ಮದಿಯಾಗಿರಬೇಕಿತ್ತು. ಆದರೆ ಒಂದು ದಿನ ಊಟ ಕೊಡಲು ಹೋದವನು ಅವಳೆದುರು ಬೆನ್ನು ಬಗ್ಗಿಸಿಕೊಂಡು ಎಷ್ಟೋ ಹೊತ್ತು ನಿಂತಿದ್ದೆ. "ನೆಟ್ಟಗ ನಿಂದ್ರಲೇ" ಅನ್ನಲಿಲ್ಲ. ಅವತ್ತು ನನಗೆ ನಿಜವಾದ ಹೆದರಿಕೆ ಏನೆಂದು ಗೊತ್ತಾಯಿತು.

ಹಾಗಂತ ಸೈಕಲ್ಲು ತುಳಿ ಎನ್ನಲು ಬಾಯಿ ಬರುತ್ತದೆಯೇ? ಅವಳೇ ಒಂದು ದಿನ ಕೆಳಗಿಳಿದು ಬಂದಳು.

"ಹ್ಯಾಂಡಲ್ ಹಿಡಿಯಾಕ ಬರತೈತಿ. ಬ್ರೇಕ್ ಒತ್ತಾಕ ಬರತೈತಿ. ಮತ್ತ ಹೊಂಟೆ ನಾನು."

"ಬಸ್ಸಿಗೆ ಯಾರು ಏರಸ್ತಾರಕ್ಕ?"

"ನಾನ."

"ಬ್ಯಾರೇರು ಏರಿಸಿದ್ರ ಏನಾಗತೈತ್ರಿ ಅಕ್ಕಾರ? ನಮ್ಮ ಮಂದಿ ಇಲ್ಲನ್ನಂಗಿಲ್ಲ" ಎಂದಳು ನನ್ನ ಹೆಂಡತಿ ಒಳಗಿನಿಂದ.

"ಇವತ್ತು ಸೈಕಲ್ ಏರಸ್ತಾರ, ನಾಳಿ ರಟ್ಟಿ ಹಿಡದು ನನ್ನೂ ಏರಸ್ತಾರ. ಬ್ಯಾಡವಾ."

ನನ್ನೊಳಗಿನ ಏಜೆಂಟ ತಕ್ಷಣ ಎಚ್ಚೆತ್ತ. ಒಂದು ಕರಾರು ಮುಂದಿಟ್ಟೆ. ಕೊಟ್ಟೂರಿನ ಬಸ್ಸಿಗೆ, ನೆಲದಿಂದ ಒಳಗಿನವರೆಗೆ, ಅವಳೊಬ್ಬಳೇ ಸೈಕಲ್ಲು ಏರಿಸಬೇಕು. ಏರಿಸಿದರೆ ಇನ್ನು ಮುಂದೆ ನಾನು ತುಟಿ ಬಿಚ್ಚುವುದಿಲ್ಲ. ಬೇರೆ ಯಾರದೇ ಕೈ ತಾಗಿದರೂ ಸೈಕಲ್ಲು ಅಟ್ಟಕ್ಕೆ, ಅವಳು ಕುರ್ಚಿಗೆ.

"ಆತು" ಎಂದಳು ಅಕ್ಕ. "ಆದ್ರ ಸಂತಿ ದಿನಾನ ಆಗಬೇಕು. ಖಾಲಿ ಬಸ್ಸಿಗೆ ಯಾರು ಬೇಕಾದ್ರೂ ಏರಸ್ತಾರ."

ಮಾತು ಕೊಟ್ಟ ಗಳಿಗೆಯಿಂದ ನನ್ನ ಚಿಂತೆ ಎರಡಾಯಿತು. ಅಲ್ಲಿಯವರೆಗೆ ಅವಳು ಗೆದ್ದುಬಿಟ್ಟರೆ ಎಂಬ ಚಿಂತೆ ಮಾತ್ರ ಇತ್ತು. ಈಗ ಸೋತುಬಿಟ್ಟರೆ ಎಂಬುದೂ ಬಂದು ಪಕ್ಕದಲ್ಲಿ ಕೂತಿತು. ಗೆದ್ದರೆ ರಸ್ತೆ, ಸೋತರೆ ಆ ಕಿಟಕಿ. ಎರಡನ್ನೂ ಬೇಡವೆನ್ನುವವನು ಇಂಥ ಕರಾರು ಯಾಕೆ ಹಾಕಿದ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.

ಅಕ್ಕ ಪಿ.ಟಿ. ಟೀಚರಿನ ಕ್ರಮದಲ್ಲೇ ಹೊರಟಳು. ಮೊದಲು ತನ್ನ ಕೈಗೆ ಎಷ್ಟು ಬಲ ಉಳಿದಿದೆ ಎಂದು ತಿಳಿಯಬೇಕಲ್ಲ? ಸೈಕಲ್ಲಿನಷ್ಟೇ ತೂಗುವ ಶೇಂಗಾ ಒಂದು ಚೀಲಕ್ಕೆ ತುಂಬಿದಳು. ಬಸ್ಸಿನ ಮೇಲಿನ ಮೆಟ್ಟಿಲಿನಷ್ಟು ಎತ್ತರಕ್ಕೆ ಮನೆಯ ಕಟ್ಟೆ ಇತ್ತು. ಎರಡೂ ಕೈಯಿಂದ ಚೀಲ ಎತ್ತಿ ಕಟ್ಟೆಗೆ ಮುಟ್ಟಿಸಬೇಕು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಒಂದೊಂದೇ ಬೊಗಸೆ ಶೇಂಗಾ ತೆಗೆದು ಮೊರಕ್ಕೆ ಹಾಕುವಳು, ಮತ್ತೆ ಎತ್ತುವಳು. ಎಷ್ಟೋ ಸಲದ ಮೇಲೆ ಚೀಲ ಕಟ್ಟೆ ಏರಿತು! ಇನ್ನು ಮೊರದಲ್ಲಿರುವ ಶೇಂಗಾ ತೂಗಿದರೆ ಮುಗಿಯಿತು, ಸೈಕಲ್ಲಿನಿಂದ ಅಷ್ಟು ತೂಕ ಇಳಿಸಬೇಕು.

"ತಗದಿದ್ದ ಶೇಂಗಾ ಎಲ್ಲೈತಿ?"

ಮೊರದ ಪಕ್ಕ ಕೂತು ನೋಡುತ್ತಿದ್ದವನು ನಾನು. ಚಿಂತೆ ಹತ್ತಿದರೆ ನನಗೆ ಬಾಯಿ ಆಡಿಸಬೇಕು. ಮೊರದ ತುಂಬ ಸಿಪ್ಪೆಯಿತ್ತು.

"ಲೇ! ನನ್ನ ಲೆಕ್ಕಾನ ತಿಂದು ಕುಂತೀಯಲ್ಲಲೇ!"

ಮರುದಿನ ನನ್ನನ್ನು ಎದುರುಮನೆಯ ಕಟ್ಟೆಯಲ್ಲಿ ಕೂಡಿಸಿ ಮೊದಲಿನಿಂದ ಶುರು ಮಾಡಿದಳು.

ತಿಳಿದುಬಂದ ತೂಕಕ್ಕೆ ಸೈಕಲ್ಲು ಬಿಚ್ಚಾಟ ನಡೆಯಿತು. ಸ್ಟ್ಯಾಂಡು ಹೋಯಿತು. ಕ್ಯಾರಿಯರು ಹೋಯಿತು. ಮಡ್‌ಗಾರ್ಡು ಎರಡೂ ಹೋದವು. ಗಂಟೆ ಬಿಚ್ಚಿದಾಗ ನಾನು ತಡೆಯದೆ, "ಗಂಟಿ ಇಲ್ದ ಮಂದಿ ಹೆಂಗ ಸರೀತಾರಕ್ಕ?" ಎಂದೆ.

"ಸರೀರಿ ಅಂತೀನಿ. ಸರೀತಾರ."

ಇಷ್ಟಾದರೂ ಸುಮಾರು ಅರ್ಧ ಕಿಲೋ ಉಳಿಯಿತು. ಬಿಚ್ಚಲು ಇನ್ನೇನೂ ಇರಲಿಲ್ಲ. ಎಲುಬಿನ ಗೂಡಿನಂತೆ ನಿಂತ ಸೈಕಲ್ಲಿನ ಸುತ್ತ ಅಕ್ಕ ಒಂದು ಸುತ್ತು ಬಂದಳು. ಬಗ್ಗಿ ಗಾಲಿ ತಟ್ಟಿದಳು. "ಇವನ್ನ ಬದಲಿ ಮಾಡಬೇಕು ತಮ್ಮಾ. ಕಾರ್ಬನ್ನಿನವು ಬರತಾವಂತ. ಅರ್ಧ ಕಿಲೋ ಇಳೀತೈತಿ."

ಅರ್ಧ ಕಿಲೋ! ಸಂತೆಯಲ್ಲಿ ಟೊಮೆಟೊ ತೂಗುವಾಗ ಕೊಸರಿಗೆ ಹಾಕಿ ಕೊಡುವಷ್ಟು! ಅದಕ್ಕಾಗಿ ವಿಮಾನಕ್ಕೆ ಬಳಸುವ ವಸ್ತುವಿನ ಗಾಲಿಗಳನ್ನು ತರಿಸಬೇಕಂತೆ. ಬೆಲೆ ಕೇಳಬೇಡಿ. ಕೇಳಿದ ನನ್ನ ಹೆಂಡತಿ ಅಂದಿನಿಂದ ಚಹಾಕ್ಕೆ ಸಕ್ಕರೆ ಕಡಿಮೆ ಹಾಕತೊಡಗಿದಳು.

ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನು ಹಚ್ಚಿದೆವು. ಹಚ್ಚಿದವಳು ಅಕ್ಕ, ಮಾತಾಡಿದವನು ನಾನು. ಮೊದಲ ಗಂಡಾಂತರ ಅಳತೆಯದು. ಇಪ್ಪತ್ತು ಇಂಚಿನ ಗಾಲಿ ಎಂದರೆ ಎರಡು ಬಗೆಯವು ಇವೆಯಂತೆ. ಹೆಸರು ಒಂದೇ, ಆದರೆ ಒಂದು ಇನ್ನೊಂದಕ್ಕಿಂತ ಎರಡು ಬೆರಳು ದೊಡ್ಡದು! ತಪ್ಪು ತರಿಸಿದರೆ ಬ್ರೇಕು ರಿಮ್ಮಿಗೆ ತಾಗುವುದೇ ಇಲ್ಲ. ಲೋಕದಲ್ಲಿ ಇಂಥ ಮೋಸ ಇದೆ ಎಂದು ನನಗೆ ಮೊದಲಿನಿಂದಲೂ ಗುಮಾನಿಯಿತ್ತು. ಟೈರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಳತೆ ಬರೆದಿರುತ್ತದೆ, ಓದಿ ಎಂದರು. ಕನ್ನಡಕ ಹಾಕಿ ಓದಿದೆ. ತೆಗೆದು ಓದಿದೆ. ಹೆಂಡತಿಯಿಂದ ಓದಿಸಿದೆ. ಫೋಟೋ ತೆಗೆದು ಕಳಿಸಿ, ಅವರಿಂದ ಓದಿಸಿ, ಅವರು ಓದಿದ್ದು ಸರಿಯೇ ಎಂದು ಮತ್ತೆ ನಾನು ಓದಿದೆ.

"ಸರ್, ರಿಮ್ ಎತ್ತರದ್ದು ಬೇಕಾ, ಗಿಡ್ಡದ್ದು ಬೇಕಾ? ಎತ್ತರದ್ದು ನೋಡೋಕೆ ಚೆನ್ನಾಗಿರುತ್ತೆ. ಅಡ್ಡಗಾಳಿ ಜಾಸ್ತಿ ಇದ್ರೆ ಮಾತ್ರ ಸ್ವಲ್ಪ ಎಳೆಯುತ್ತೆ. ನಿಮ್ಮ ಕಡೆ ಗಾಳಿ ಇದೆಯಾ?"

ಗಾಳಿ ಇದೆಯೇ! ಹರಪನಹಳ್ಳಿಯ ದಾರಿ ಹಿಡಿದರೆ ಗುಡ್ಡದ ಮೇಲೆಲ್ಲ ಕರೆಂಟು ತೆಗೆಯುವ ಗಾಳಿಗಂಬಗಳು. ಗಾಳಿಯಿಲ್ಲದ ಊರಿನಲ್ಲಿ ಅವನ್ನೇನು ಅಲಂಕಾರಕ್ಕೆ ನಿಲ್ಲಿಸಿದ್ದಾರೆಯೇ? ನನ್ನ ಕಣ್ಣೆದುರಿಗೆ ಅಕ್ಕ, ಎತ್ತರದ ರಿಮ್ಮಿನ ಸೈಕಲ್ಲಿನ ಸಮೇತ, ಹಾಯಿಪಟದಂತೆ ಎದ್ದು ಗಾಳಿಗಂಬದ ರೆಕ್ಕೆಯ ಮೇಲೆ ತಿರುಗತೊಡಗಿದಳು.

"ಗಿಡ್ಡದ್ದು! ಇದ್ದುದರಾಗ ಗಿಡ್ಡದ್ದು!" ಎಂದು ಕೂಗಿದೆ.

"ನಾನೂ ಗಿಡ್ಡದ್ದ ಅನ್ನಾಕ ಹತ್ತಿದ್ದೆ. ಅದಕ್ಕ್ಯಾಕ ಹಂಗ ಚೀರತಿ?" ಎಂದಳು ಅಕ್ಕ.

ಕಡ್ಡಿ ಕಡಿಮೆ ಇರುವುದೋ, ಹೆಚ್ಚಿರುವುದೋ? ಹೆಚ್ಚಿರುವುದು. ನಮ್ಮ ಬಿಸಿಲಿಗೆ ಕರಗುತ್ತದೆಯೇ? ಇಲ್ಲ. ಚಳಿಗೆ ಸೀಳುತ್ತದೆಯೇ? "ಕೂಡ್ಲಿಗ್ಯಾಗ ಚಳಿ ಎಲ್ಲೈತಿಲೇ?" ಕುರಿಹಿಂಡಿನ ನಡುವೆ ಸಿಕ್ಕಿ ಕೊಂಬು ತಾಗಿದರೆ? ಅಂಗಡಿಯವರು, ಅದನ್ನು ಕಂಪನಿಯವರು ಪರೀಕ್ಷೆ ಮಾಡಿದಂತಿಲ್ಲ ಎಂದರು. ಆಮೇಲೆ ಅವರಿಗೂ ಕುತೂಹಲ ತಡೆಯಲಾಗಲಿಲ್ಲ.

"ಮೇಡಂ ರೇಸಿಗೆ ಹೋಗ್ತಾರಾ ಸರ್?"

"ಹೌದ್ರಿ" ಎಂದಳು ಅಕ್ಕ ಫೋನಿನ ಹತ್ತಿರ ಬಾಗಿ.

"ಯಾವ ರೇಸು ಮೇಡಂ?"

"ಕೊಟ್ಟೂರು ಬಸ್ಸಿಂದು."

ನನ್ನ ಕೊನೆಯ ಪ್ರಶ್ನೆ ಉಳಿದಿತ್ತು. ಕಬ್ಬಿಣದ ರಿಮ್ಮು ಕಲ್ಲಿಗೆ ಬಡಿದರೆ ಬಾಗುತ್ತದೆ, ಬಾಗಿದ್ದು ಕಾಣುತ್ತದೆ, ಬಡಿದು ನೆಟ್ಟಗೆ ಮಾಡಬಹುದು. ಇದು? ಅವರು ಪ್ರಾಮಾಣಿಕರು, ಮುಚ್ಚಿಡಲಿಲ್ಲ. ಇದು ಬಾಗುವುದಿಲ್ಲ. ದೊಡ್ಡ ಪೆಟ್ಟು ಬಿದ್ದರೆ ಒಳಗೇ ಬಿರುಕು ಬಿಟ್ಟಿರಬಹುದು, ಹೊರಗೆ ಗೊತ್ತಾಗದೆಯೂ ಇರಬಹುದು. ಆಗಾಗ ಕೈಯಾಡಿಸಿ ನೋಡುತ್ತಿರಬೇಕು.

ನಾನು ಫೋನಿಗೆ ಕೈ ಅಡ್ಡ ಹಿಡಿದೆ. "ಕೇಳಿದಿಲ್ಲ ಅಕ್ಕ? ಒಳಗೊಳಗ ಸೀಳತೈತಂತ! ಹೇಳಂಗಿಲ್ಲ, ಕೇಳಂಗಿಲ್ಲ!"

"ಮುರಿಯೂತನ ನೆಟ್ಟಗ ಇರತೈತಿ ಅಂತಾತು. ಅದ ಬೇಕು ನನಗ. ಕಳಸ್ರೀ ಅನ್ನು."

ಪಾರ್ಸೆಲ್ಲು ಬಂದ ದಿನ ನಾನು ಊರಲ್ಲಿರಲಿಲ್ಲ. ಕಾನಹೊಸಹಳ್ಳಿಯಲ್ಲಿ ಒಬ್ಬರಿಗೆ ಏನೇನು ಆಗಬಹುದು ಎಂದು ಹೇಳುತ್ತ ಕೂತಿದ್ದಾಗ ಹೆಂಡತಿಯ ಫೋನು. "ರೀ, ಮೋಸ ಆಗೈತಿ! ಖಾಲಿ ಡಬ್ಬಿ ಕಳಿಸ್ಯಾರ! ಎತ್ತಿ ನೋಡಿದೆ, ಏನೂ ಇಲ್ಲ!" ಪಾಲಿಸಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದೆ. ಡಬ್ಬಿ ಬಿಚ್ಚಿದರೆ ಗಾಲಿಗಳು ತಣ್ಣಗೆ ಒಳಗೆ ಮಲಗಿವೆ! ಕಪ್ಪಗೆ, ಮಿಣ್ಣಗೆ. ಎತ್ತಿದರೆ ಹಪ್ಪಳ ಎತ್ತಿದಂತೆ. ಅಕ್ಕ ಒಂದನ್ನು ಬಲಗೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದಳು. ಕೈ ಎದೆಯ ಮಟ್ಟ ದಾಟಿತು.

ಜೋಡಿಸಲು ಪಂಕ್ಚರು ಅಂಗಡಿಗೆ ಒಯ್ದೆವು. ಅವನೂ ಅಕ್ಕನ ಮೈದಾನ ಸುತ್ತಿದವನೇ. ಬೆರಳಲ್ಲಿ ರಿಮ್ಮು ತಟ್ಟಿ ಕಿವಿಗೊಟ್ಟ. "ಅಕ್ಕೋರ, ಬಕೀಟಿನಂಗ ಸಪ್ಪಳ ಬರತೈತ್ರಿ!" ನಾನು ಅವನ ಹೆಗಲ ಹಿಂದೆ ನಿಂತು, ಕೈಯಲ್ಲಿನ ಸ್ಪ್ಯಾನರನ್ನೇ ನೋಡುತ್ತ, "ಮೆಲ್ಲಕ... ಮೆಲ್ಲಕ... ಪಾನಾ ತಾಗೀತು" ಎನ್ನುತ್ತಿದ್ದೆ. ಸ್ವಲ್ಪ ಹೊತ್ತು ತಡೆದುಕೊಂಡವನು ಕಡೆಗೆ ಕೈಮುಗಿದ. "ಸಾರ್, ನೀವೊಂದು ಚಾ ಕುಡದು ಬರ್ರಿ. ಬಂದು ಇನ್ನೊಂದು ಕುಡೀರಿ."

ಹೊಸ ಗಾಲಿ ಬಂದ ಮೇಲೆ ಪೂಜೆ ಆಗಬೇಡವೇ? ಅದು ನನ್ನ ಹೆಂಡತಿಯ ಇಲಾಖೆ. ಕುಂಕುಮ ಇಟ್ಟಳು, ಹೂವು ಸಿಕ್ಕಿಸಿದಳು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ನಿಂಬೆಯ ಬೀಜ ತಾಗಿ ಕಾರ್ಬನ್ನು ಸೀಳೀತೇ ಎಂದು ನಾನು ಬಗ್ಗಿ ನೋಡುತ್ತಿದ್ದೆ. ಅಪಾಯ ಅಲ್ಲಿ ಇರಲಿಲ್ಲ. ನಮ್ಮ ಮನೆಗಳಲ್ಲಿ ಹೊಸ ಸಾಮಾನು ಹೊಳೆಯಲೆಂದು ಒಂದು ಕೈ ಎಣ್ಣೆ ಒರೆಸುವ ಪದ್ಧತಿ ಇದೆಯಲ್ಲ? ಆ ಮಹಾತಾಯಿ ಎರಡೂ ರಿಮ್ಮಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಕನ್ನಡಿಯಂತೆ ಮಾಡಿಟ್ಟಿದ್ದಳು! ಆ ಸೈಕಲ್ಲಿನ ಬ್ರೇಕು ಹಿಡಿಯುವುದು ರಿಮ್ಮನ್ನೇ.

ಅಕ್ಕ ನಿಂಬೆಹಣ್ಣು ದಾಟಿ ಓಣಿಯ ಕೊನೆಯವರೆಗೂ ಹೋಗಿ, ತಿರುಗಿ ನಮ್ಮ ಮುಂದೆಯೇ ಹಾದು ಹೋದಳು.

"ಸಾಕು, ನಿಂದ್ರಕ್ಕ!"

"ಏನು ನಿಂದ್ರು ಅಂತೀಲೇ, ನಿಂದ್ರವಲ್ದಿದು!"

ಕಡೆಗೆ ಎದುರುಮನೆಯವರು ಒಣಹಾಕಿದ್ದ ಮೆಕ್ಕೆಜೋಳದ ತೆನೆಗಳ ರಾಶಿಗೆ ನುಗ್ಗಿಸಿ ನಿಲ್ಲಿಸಿದಳು. ಎದುರುಮನೆಯಾಕೆ ಹೊರಗೆ ಬಂದು, "ಒಕ್ಕಲಿ ಆತು ಬಿಡ್ರಿ ಅಕ್ಕೋರ, ಯಂತ್ರ ಕರಸೂದು ತಪ್ಪಿತು" ಎಂದಳು. ಆಮೇಲೆ ನನ್ನ ಹೆಂಡತಿ ಸೀಗೆಕಾಯಿ ಕಲಸಿ ಗಾಲಿಗಳಿಗೆ ತಲೆಸ್ನಾನ ಮಾಡಿಸಿದಳು. ಅಂಗಡಿಯವರಿಗೆ ಫೋನು ಮಾಡಿ ಸೀಗೆಕಾಯಿ ನಡೆಯುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಕ್ಕ ಫೋನು ಕಿತ್ತಿಟ್ಟುಕೊಂಡಳು.

ಸಂತೆಯ ದಿನ ಬಂತು.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಸಂತೆಯ ಬಸ್ಸು ಎಂದರೆ ಕೇಳಬೇಡಿ. ಕೊಟ್ಟೂರಿನ ಬಸ್ಸು ಇನ್ನೂ ನಿಂತಿರಲಿಲ್ಲ, ಕಿಟಕಿಗಳ ಒಳಗೆ ಟವೆಲು, ಚೀಲ, ಬುಟ್ಟಿ ಹಾರತೊಡಗಿದವು. ಅಕ್ಕ ಮಡಚಿದ ಸೈಕಲ್ಲನ್ನು ಬಾಗಿಲ ಮುಂದೆ ಇಟ್ಟುಕೊಂಡು ನಿಂತಳು. ನಾನು ಟಗರು ಹುಡುಕುತ್ತ ಸುತ್ತಲೂ ನೋಡಿದೆ. ಟಗರು ಇರಲಿಲ್ಲ. ಅದಕ್ಕಿಂತ ದೊಡ್ಡ ಗಂಡಾಂತರ ಇತ್ತು, ನನ್ನ ಎಣಿಕೆಗೆ ಅದು ಸಿಕ್ಕಿಯೇ ಇರಲಿಲ್ಲ: ನಮ್ಮ ಜನ!

ನಮ್ಮ ಕಡೆಯವರು ಒಬ್ಬರ ಕೈಯಲ್ಲಿ ಭಾರ ಕಂಡರೆ ಸುಮ್ಮನಿರುವವರಲ್ಲ. ಬಸ್ಸಿನ ಬಾಗಿಲಲ್ಲಂತೂ ಕೇಳುವ ಮೊದಲೇ ಕೈ ಚಾಚುತ್ತಾರೆ. ಯಾರದೋ ಚೀಲ ಯಾರೋ ಎತ್ತಿ, ಯಾರೋ ಇಸಿದುಕೊಂಡು, ಇನ್ಯಾರೋ ಸೀಟಿನ ಕೆಳಗೆ ತಳ್ಳಿ, ಯಾರೂ ಯಾರಿಗೂ ಏನೂ ಹೇಳದೆ ಮುಗಿದುಹೋಗುತ್ತದೆ. ಒಂದು ಕೈ ತಾಗಿದರೂ ಸೈಕಲ್ಲು ಅಟ್ಟಕ್ಕೆ! ಅಕ್ಕ ಇನ್ನೂ ಬಗ್ಗಿರಲಿಲ್ಲ, ಬಿಳಿ ರುಮಾಲಿನವನೊಬ್ಬ ಕೈ ಹಾಕಲು ಬಂದ. "ಕೊಡ್ರಿ ಅಕ್ಕೋರ, ನಾ ಏರಸ್ತೀನಿ."

"ಮುಟ್ಟಬ್ಯಾಡ್ರಿ!" ನಾನು ಎರಡೂ ಕೈ ಅಗಲಿಸಿ ನಡುವೆ ಹಾರಿದೆ.

"ಯಾಕ್ರಿ, ಬಾಂಬ್ ಐತೇನ್ರಿ?"

ಬಾಂಬು ಎಂಬ ಮಾತು ಕೇಳಿ ನಾಲ್ಕು ಜನ ಹಿಂದೆ ಸರಿದರು, ಎಂಟು ಜನ ನೋಡಲು ಮುಂದೆ ಬಂದರು. ಅಷ್ಟರಲ್ಲಿ ಬಸ್ಸಿನ ಒಳಗಿನಿಂದ ಎರಡು ಕೈ ಕೆಳಗಿಳಿದವು, ಬಳೆ ತೊಟ್ಟ ಕೈಗಳು. "ತರ್ರಿ ಇಲ್ಲೆ." ನಾನು ಅವನ್ನೂ ತಡೆದೆ. ಕಂಡಕ್ಟರು ಧುಮುಕಿದ. ಅವನೂ ಹಳೆಯ ವಿದ್ಯಾರ್ಥಿ. "ಏ ಸರೀರಿ, ನಮ್ಮ ಅಕ್ಕೋರು ಅದಾರ!" ಎನ್ನುತ್ತ ಸೈಕಲ್ಲಿಗೇ ಬಂದ. ಬೇರೆ ದಾರಿ ಕಾಣದೆ ಅವನ ಎರಡೂ ಕೈಗಳನ್ನು ಹಿಡಿದು ಎದೆಗೆ ಒತ್ತಿಕೊಂಡೆ. ದೂರದಿಂದ ನೋಡಿದವರಿಗೆ ಎಷ್ಟೋ ವರ್ಷದ ಮೇಲೆ ಕೂಡಿದ ಅಣ್ಣತಮ್ಮಂದಿರಂತೆ ಕಂಡಿರಬೇಕು.

ಬುಟ್ಟಿ ಹೊತ್ತ ಅಜ್ಜಿಯೊಬ್ಬಳಿಗೆ ತಡೆಯಲಾಗಲಿಲ್ಲ. "ಎಂಥಾ ತಮ್ಮನಪ ನೀನು! ಅಕ್ಕನ ಕೈಲೆ ಭಾರ ಎತ್ತಿಸಿ ನೋಡಕೊಂತ ನಿಂತಿ, ಎತ್ತವ್ರನ್ನೂ ಬಿಡವಲ್ಲಿ!"

"ಆಕಿ ಕೈ ಮುರದಿತ್ತಂತಬೇ ಮದ್ಲ" ಎಂದು ಯಾರೋ ಕೂಡಿಸಿದರು.

"ಅಯ್ಯೋ ಶಿವನ! ಮುರದ ಕೈಲೆ?"

ಇಡೀ ಬಸ್‌ಸ್ಟ್ಯಾಂಡು ನನ್ನನ್ನು ನೋಡಿದ ನೋಟ ಹೇಳಿ ತೀರುವಂಥದ್ದಲ್ಲ. ಆ ದಿನ ಅಲ್ಲಿ ನಿಂತವರಲ್ಲಿ ಒಬ್ಬರೂ ಇನ್ನು ನನ್ನ ಬಳಿ ಪಾಲಿಸಿ ಮಾಡಿಸಲಾರರು.

ಅಕ್ಕ ಯಾರ ಕಡೆಗೂ ನೋಡಲಿಲ್ಲ. ಬಗ್ಗಿದಳು. ಎರಡೂ ಕೈ ಹಾಕಿ ಎತ್ತಿದಳು. ಸೈಕಲ್ಲು ಕೆಳಗಿನ ಮೆಟ್ಟಿಲು ದಾಟಿತು. ಎದೆಯ ಮಟ್ಟಕ್ಕೆ ಬಂದು, ಅಲ್ಲೇ ನಿಂತಿತು. ಶೇಂಗಾ ಚೀಲ ನಿಲ್ಲುತ್ತಿತ್ತಲ್ಲ, ಅಲ್ಲೇ. ಡ್ರೈವರು ಹಾರ್ನು ಹೊಡೆದ. ಅಕ್ಕನ ಕುತ್ತಿಗೆಯ ನರ ಎದ್ದು ಕಂಡಿತು. ಆ ಗಳಿಗೆಯಲ್ಲಿ ನನಗೆ ಹೊಳೆಯಿತು: ರುಮಾಲಿನವನ ಕೈ, ಬಳೆಯ ಕೈ, ಕಂಡಕ್ಟರ ಕೈ, ಎಲ್ಲವನ್ನೂ ತಡೆದಿದ್ದೇನೆ, ಆದರೆ ಅಲ್ಲಿ ಎಲ್ಲಕ್ಕಿಂತ ಅಪಾಯದ್ದು ನನ್ನದೇ ಕೈ! ಅದು ಆಗಲೇ ಕಂಡಕ್ಟರನ್ನು ಬಿಟ್ಟು ಅರ್ಧ ದಾರಿ ಹೋಗಿತ್ತು.

"ಏ ಸಾರ್ನ ಹಿಡೀರಿ!" ಎಂದ ಬಿಳಿ ರುಮಾಲಿನವನು. ಅವನಿಗೆ ಅಷ್ಟು ಹೊತ್ತಿಗೆ ಏನರ್ಥವಾಗಿತ್ತೋ! ನಾಲ್ಕಾರು ಜನ ಸೇರಿ ನನ್ನನ್ನು ಹಿಂದಿನಿಂದ ಹಿಡಿದುಕೊಂಡರು. ಅಲ್ಲಿ ಯಾರದಾದರೂ ಕೈಗೆ ಏನಾದರೂ ಕೆಲಸ ಬೇಕಿತ್ತು, ನಾನು ಸಿಕ್ಕಿದೆ.

ಅಕ್ಕ ಒಂದು ಉಸಿರು ತೆಗೆದುಕೊಂಡಳು. ಮೊಣಕಾಲು ಬಗ್ಗಿಸಿ ಸೈಕಲ್ಲಿಗೆ ಆನಿಸಿ, ಸೊಂಟದಿಂದ ಒಮ್ಮೆ ನೂಕಿದಳು. ಕಪ್ಪು ಗಾಲಿ ಮೇಲಿನ ಮೆಟ್ಟಿಲಿಗೆ ಟಕ್ ಎಂದು ತಾಗಿತು. ಇನ್ನೊಂದು ನೂಕು. ಒಳಗೆ! ಸಂತೆಯ ಬಸ್ಸೊಂದು ಸದ್ದಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅಜ್ಜಿ, "ಇನ್ನಾರ ಹತ್ತೂನು ಬರ್ರವಾ" ಎಂದಳು. ಗದ್ದಲ ಮತ್ತೆ ಶುರುವಾಯಿತು.

ಕಂಡಕ್ಟರು ಟಿಕೆಟಿಗೆ ಬಂದವನು ತಲೆ ಕೆರೆದುಕೊಂಡ. "ಅಕ್ಕೋರ, ನಿಮಗ ಪುಕ್ಕಟ. ಸೈಕಲ್ಲಿಗೆ ಮಾತ್ರ ಲಗೇಜ್ ಹಾಕಬೇಕಾಗತೈತ್ರಿ."

"ಹಂಗಾರ ಸೈಕಲ್ ಗಂಡಸೇನು?"

"ಅದು ಹಂಗಲ್ರಿ..."

"ಹರಿ, ಟಿಕೇಟು ಹರಿ. ಸಾರ್ ಕೊಡತಾರ" ಎಂದು ನನ್ನ ಕಡೆ ಕೈ ತೋರಿಸಿದಳು. ಬಸ್ಸಿನವರೆಲ್ಲ ಬಹಳ ಸಂತೋಷಪಟ್ಟು ನಕ್ಕರು. ನನ್ನ ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು.

ಯಾರೋ ಎದ್ದು ಸೀಟು ಕೊಟ್ಟರು. ಸೈಕಲ್ಲು ಕಾಲಿನ ಹತ್ತಿರ, ಅಕ್ಕ ಕಿಟಕಿಯ ಕಡೆ, ನಾನು ಪಕ್ಕದಲ್ಲಿ. ಬಸ್ಸು ಊರು ದಾಟಿ ಹುಣಸೆಮರಗಳ ಸಾಲಿಗೆ ಬಂತು. ಗಾಲಿ ಸೀಳಿರಲಿಲ್ಲ, ಕೈಯಾಡಿಸಿ ನೋಡಿದೆ. ಭುಜದ ತಿರುಪು ಸಡಿಲಾಗಿರಲಿಲ್ಲ, ಆಗಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು. ಯಾರ ಹಲ್ಲೂ ಉದುರಿರಲಿಲ್ಲ. ಕೊಟ್ಟೂರಿನಲ್ಲಿ ಇಳಿದು ಎತ್ತ ಹೋಗುವುದೆಂದು ಕೇಳಿದೆ. "ಸುಮ್ನ" ಎಂದಳು, ಮುಖ ಹೊರಗೇ ಇತ್ತು.

ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದಳು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡದ್ದು. ಮುಚ್ಚಳ ಹಿಡಿದು ತಿರುಗಿಸಿದಳು. ತಿರುಗಲಿಲ್ಲ. ಮತ್ತೊಮ್ಮೆ ಹಿಡಿದಳು. ವೇಲಿನ ಚುಂಗು ಸುತ್ತಿ ತಿರುಗಿಸಿದಳು. ಆಗಲಿಲ್ಲ. ಕಿಟಕಿಯ ಆಚೆ ನೋಡುತ್ತಲೇ ಬಾಟಲಿಯನ್ನು ನನ್ನ ಕಡೆಗೆ ಚಾಚಿದಳು.

"ಏನು ಬಿಗೀತಾರವಾ ಇವ್ರು."

ನನ್ನ ಜನ್ಮದಲ್ಲಿ ಅಕ್ಕ ನನಗೆ, ಇದನ್ನು ಮಾಡಿಕೊಡು ಎಂದು ಏನನ್ನಾದರೂ ಕೊಟ್ಟಿದ್ದು ನೆನಪಿಲ್ಲ. ಇಸಿದುಕೊಂಡೆ. ಮುಚ್ಚಳಕ್ಕೆ ಬೆರಳು ತಾಗಿದ್ದೇ ತಡ, ಅದು ಹಗುರವಾಗಿ ತಿರುಗಿಕೊಂಡಿತು. ಅಲ್ಲಿಗೇ ತಡೆದು ಹಿಡಿದೆ. ಹಲ್ಲು ಕಚ್ಚಿದೆ. ಮುಖ ಹಿಂಡಿದೆ. ಕೈ ಬದಲಿಸಿದೆ, ಪ್ಯಾಂಟಿಗೆ ಅಂಗೈ ಒರೆಸಿಕೊಂಡೆ, ಬಾಟಲಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಇನ್ನೊಮ್ಮೆ ಹೆಣಗಿದೆ. ಆಮೇಲೆ ಬಿಚ್ಚಿ ಕೊಟ್ಟೆ.

"ಹೌದಕ್ಕ" ಎಂದೆ, "ಭಾಳ ಬಿಗಿ ಐತಿ."